ಸಂಪಾದಕರ ಉತ್ತರ: ಡಿಸ್ಚಾರ್ಜ್ ಆದ ಮೇಲಿನ ಥೆರಪಿ ಯಾರ ಹೊಣೆ?

ಅರಸೀಕೆರೆ ತಾಲ್ಲೂಕಿನ ಹಳ್ಳಿಯೊಂದರಿಂದ ಬರೆದಿರುವ ಓದುಗರೊಬ್ಬರು ತಮ್ಮ ಹೆಸರನ್ನು ಪ್ರಕಟಿಸಬಾರದೆಂದು ಕೋರಿದ್ದಾರೆ. ಅವರ ಪತ್ರದ ಸಾರಾಂಶ ಇಷ್ಟು. ಅರವತ್ತೆಂಟು ವರ್ಷದ ಅವರ ತಂದೆಗೆ ಪಾರ್ಶ್ವವಾಯುವಾಗಿ ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತೂ ಕೆಟ್ಟಿತು. ನಗರದ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆ ಪಡೆದು, ಒಬ್ಬರು ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುವಂತಾದ ಮೇಲೆ ಅವರನ್ನು ಮನೆಗೆ ಕಳಿಸಿದರು. ಡಿಸ್ಚಾರ್ಜ್ ಸಮರಿಯಲ್ಲಿ ಮಾತ್ರೆಗಳ ವಿವರವೆಲ್ಲ ಇತ್ತು. ಕೊನೆಯಲ್ಲಿ ‘ಫಿಸಿಯೊಥೆರಪಿ ಮುಂದುವರಿಸಿ’ ಎಂಬ ಒಂದು ಸಾಲಿತ್ತು. ಮನೆಗೆ ಬಂದ ಮೂರನೆಯ ದಿನ ನಸುಕಿನಲ್ಲಿ ಯಾರನ್ನೂ ಎಬ್ಬಿಸದೆ ಬಚ್ಚಲಿಗೆ ಹೊರಟ ತಂದೆ ಹೊಸ್ತಿಲ ಬಳಿ ಬಿದ್ದರು. ಮೂಳೆಗೆ ಪೆಟ್ಟಾಗಲಿಲ್ಲ ಎಂದು ಎಕ್ಸ್‌ರೇ ಹೇಳಿತು. ಆದರೆ ಅಂದಿನಿಂದ ಅವರು ಮಂಚ ಬಿಟ್ಟು ಇಳಿಯಲು ಒಪ್ಪುತ್ತಿಲ್ಲ. “ಒಬ್ಬರೇ ಏಳಬೇಡಿ ಎಂದು ನರ್ಸ್ ಹೇಳಿದಾಗ ಅಪ್ಪ ಹೂಂ ಎಂದು ತಲೆಯಾಡಿಸಿದ್ದರು. ಕಳಿಸುವ ಮುನ್ನ ನಾವು ಏನನ್ನು ಕೇಳಬೇಕಿತ್ತು? ವ್ಯಾಯಾಮವನ್ನು ವಿಡಿಯೊ ನೋಡಿ ಮನೆಯವರೇ ಕಲಿತು ಮಾಡಿಸಿದರೆ ಸಾಲದೇ?” ಎಂದು ಅವರು ಕೇಳಿದ್ದಾರೆ.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಪಾರ್ಶ್ವವಾಯುವಿನ ಆರೈಕೆ ಈ ನಂಬಿಕೆಯ ಮೇಲೆಯೇ ನಡೆಯುತ್ತಿದೆ. ಮನೆಯವರು ಮಾಡಿಸುವುದಷ್ಟೇ ಸಾಲದು. ಇದು ನನ್ನ ಅಭಿಪ್ರಾಯವಲ್ಲ. ಭಾರತದಲ್ಲಿಯೇ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಿದ ಸಂಗತಿ. ‘ಅಟೆಂಡ್’ ಎಂಬ ಹೆಸರಿನ ಆ ಅಧ್ಯಯನದಲ್ಲಿ ದೇಶದ 14 ಆಸ್ಪತ್ರೆಗಳ 1,250 ರೋಗಿಗಳಿದ್ದರು. ಒಂದು ಗುಂಪಿನವರಿಗೆ ಎಂದಿನ ಆರೈಕೆಯ ಜೊತೆಗೆ ಮನೆಯವರಿಗೂ ವಿಶೇಷ ತರಬೇತಿ ದೊರೆಯಿತು. ಅದು ಆಸ್ಪತ್ರೆಯಲ್ಲಿ ಆರಂಭವಾಗಿ ಮನೆಯಲ್ಲಿ ಎರಡು ತಿಂಗಳವರೆಗೂ ಮುಂದುವರಿಯಿತು. ಇನ್ನೊಂದು ಗುಂಪಿಗೆ ಎಂದಿನ ಆರೈಕೆ ಮಾತ್ರ. ಆರು ತಿಂಗಳು ಕಳೆದ ಮೇಲೆ ತೀರಿಕೊಂಡವರು ಅಥವಾ ದಿನನಿತ್ಯಕ್ಕೆ ಇತರರನ್ನು ಅವಲಂಬಿಸಿ ಉಳಿದವರು ಎರಡೂ ಗುಂಪುಗಳಲ್ಲಿ ಶೇ 47ರಷ್ಟಿದ್ದರು. 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾದಾಗ ಅನೇಕರಿಗೆ ನಿರಾಸೆಯಾಯಿತು; ಥೆರಪಿಸ್ಟ್‌ಗಳು ವಿರಳವಾಗಿರುವ ದೇಶದಲ್ಲಿ ಕುಟುಂಬವೇ ಆ ಕೊರತೆಯನ್ನು ತುಂಬಬಹುದೆಂಬ ಆಸೆ ಆ ಅಧ್ಯಯನದ ಹಿಂದೆ ಇತ್ತು.

ಮನೆಯವರ ಶ್ರಮ ವ್ಯರ್ಥವೆಂದು ಇದರಿಂದ ಯಾರೂ ತೀರ್ಮಾನಿಸಬಾರದು. ಹೊರಳಿಸುವವರು, ಉಣಿಸುವವರು, ರಾತ್ರಿ ಎದ್ದು ನೋಡುವವರು ಅವರೇ; ಅವರಿಲ್ಲದೆ ಯಾವ ಆರೈಕೆಯೂ ನಡೆಯುವುದಿಲ್ಲ. ಆದರೆ ಪರಿಣತರು ಮಾಡಬೇಕಾದ ಕೆಲಸವನ್ನು ಮನೆಯವರ ಹೆಗಲಿಗೆ ದಾಟಿಸಿದ ಮಾತ್ರಕ್ಕೆ ರೋಗಿ ಹೆಚ್ಚು ಚೇತರಿಸಿಕೊಳ್ಳುವುದಿಲ್ಲ ಎಂಬುದನ್ನು ನಾವು ಒಪ್ಪಬೇಕು. ವೈದ್ಯಕೀಯ ಪ್ರಯೋಗಗಳ ಫಲಿತಾಂಶಗಳನ್ನು ಪರಿಶೀಲಿಸುವ ಕಾಕ್ರನ್ ಸಂಸ್ಥೆ ಅದೇ ವರ್ಷ ಪ್ರಕಟಿಸಿದ ಪರಿಶೀಲನೆಯೊಂದು 17 ಪ್ರಯೋಗಗಳನ್ನು ಒಟ್ಟುಗೂಡಿಸಿ ಬೇರೊಂದು ಮಾದರಿಯನ್ನು ತೂಗಿ ನೋಡಿತು. ಅದರಲ್ಲಿ ಫಿಸಿಯೊಥೆರಪಿಸ್ಟ್, ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್, ನರ್ಸ್, ವೈದ್ಯರು ಒಂದು ತಂಡವಾಗಿ ಡಿಸ್ಚಾರ್ಜನ್ನು ಯೋಜಿಸುತ್ತಾರೆ, ಬಳಿಕ ಅದೇ ತಂಡ ಮನೆಗೆ ಬಂದು ಥೆರಪಿ ಮುಂದುವರಿಸುತ್ತದೆ. ಅಂಥ ವ್ಯವಸ್ಥೆಯಿದ್ದಲ್ಲಿ ರೋಗಿಗಳು ಸುಮಾರು ಆರು ದಿನ ಮೊದಲೇ ಮನೆಗೆ ಹೋದರು, ಮತ್ತು ಮುಂದೆ ಪರಾವಲಂಬಿಗಳಾಗಿ ಉಳಿದವರ ಪ್ರಮಾಣವೂ ಕಡಿಮೆಯಾಯಿತು. ಆ ಪ್ರಯೋಗಗಳು ಬಹುಪಾಲು ಶ್ರೀಮಂತ ದೇಶಗಳಲ್ಲಿ ನಡೆದವು, ಹೆಚ್ಚು ಪ್ರಯೋಜನವಾದದ್ದು ತೀವ್ರತೆ ಕಡಿಮೆಯಿದ್ದ ರೋಗಿಗಳಿಗೆ ಎಂಬುದನ್ನು ಮರೆಯಬಾರದು. ಆದರೂ ಎರಡು ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಥೆರಪಿಸ್ಟ್ ಆಸ್ಪತ್ರೆಯ ಬಾಗಿಲಲ್ಲೇ ನಿಂತುಬಿಡಬಾರದು, ಮನೆಯವರೆಗೆ ಬರಬೇಕು ಎಂಬುದು ನನಗೆ ಸ್ಪಷ್ಟವಾಗಿ ಕಾಣುತ್ತದೆ.

ನಿಮ್ಮ ತಂದೆ ಬಿದ್ದ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಲಭಾಗಕ್ಕೆ ಪಾರ್ಶ್ವವಾಯು ಬಡಿದಾಗ ಪೆಟ್ಟಾಗಿರುವುದು ಮೆದುಳಿನ ಎಡಭಾಗಕ್ಕೆ. ಬಹುತೇಕ ಜನರಲ್ಲಿ ಭಾಷೆಯ ಕೇಂದ್ರಗಳಿರುವುದೂ ಅಲ್ಲಿಯೇ. ಅಂಥ ರೋಗಿಗೆ ಮಾತನಾಡುವುದಷ್ಟೇ ಅಲ್ಲ, ಕೇಳಿದ್ದನ್ನು ಅರ್ಥ ಮಾಡಿಕೊಳ್ಳುವುದೂ ಕಷ್ಟವಾಗಿರಬಹುದು. ಎದುರಿನವರ ಮುಖಭಾವ, ದನಿಯ ಏರಿಳಿತ ನೋಡಿ ಹೂಂ ಎನ್ನುತ್ತಾರೆ. ಮಾತು ಮನಸ್ಸಿಗೆ ಹೋಗಿರುವುದಿಲ್ಲ. ತಲೆಯಾಡಿಸಿದ್ದನ್ನು ಒಪ್ಪಿಗೆಯೆಂದು ನೀವು ಭಾವಿಸಿದ್ದರಲ್ಲಿ ತಪ್ಪೇನಿಲ್ಲ. ಅದನ್ನು ಪರೀಕ್ಷಿಸುವುದು ವಾಕ್ ಚಿಕಿತ್ಸಕರ ಕೆಲಸ, ಮತ್ತು ಆ ಪರೀಕ್ಷೆ ಡಿಸ್ಚಾರ್ಜ್‌ಗೆ ಮೊದಲೇ ಆಗಬೇಕಿತ್ತು. ಸಮಸ್ಯೆ ಗೊತ್ತಾಗಿದ್ದರೆ ಒಂದೊಂದೇ ಚಿಕ್ಕ ವಾಕ್ಯದಲ್ಲಿ, ಕೈಸನ್ನೆ ಸೇರಿಸಿ, ಮಾಡಿ ತೋರಿಸಿ ಹೇಳುವುದನ್ನು ಮನೆಯವರಿಗೆ ಕಲಿಸುತ್ತಿದ್ದರು. ಮಂಚದ ಪಕ್ಕ ಎಡಗೈಗೆ ಎಟುಕುವಂತೆ ಒಂದು ಗಂಟೆ ಇಡಲು ಹೇಳುತ್ತಿದ್ದರು.

ಬಿದ್ದದ್ದು ನಸುಕಿನಲ್ಲಿ ಎಂಬುದೂ ಗಮನಿಸಬೇಕಾದ ಸಂಗತಿ. ದಿನಗಟ್ಟಲೆ ಮಲಗಿದ್ದವರು, ಅದರಲ್ಲೂ ರಕ್ತದೊತ್ತಡದ ಮಾತ್ರೆ ನುಂಗುವವರು, ಮಲಗಿದಲ್ಲಿಂದ ಥಟ್ಟನೆ ಎದ್ದು ನಿಂತರೆ ಒತ್ತಡ ಕುಸಿದು ಕಣ್ಣಿಗೆ ಕತ್ತಲೆ ಕವಿಯುತ್ತದೆ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂತು, ತಲೆ ತಿರುಗುತ್ತಿಲ್ಲವೆಂದು ಖಚಿತವಾದ ಮೇಲೆಯೇ ಏಳಬೇಕು. ಇನ್ನು ಹೊಸ್ತಿಲು. ಆಸ್ಪತ್ರೆಯ ವರಾಂಡದ ಸಮತಟ್ಟಾದ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆದವರು ಮನೆಯ ಹೊಸ್ತಿಲನ್ನು ದಾಟಬಲ್ಲರು ಎಂದು ಯಾರೂ ಭರವಸೆ ಕೊಡಲಾರರು, ಏಕೆಂದರೆ ಸ್ವಾಧೀನ ತಪ್ಪಿದ ಕಾಲಿನ ಪಾದ ಮೇಲೇಳದೆ ನೆಲವನ್ನು ಎಳೆಯುತ್ತಿರುತ್ತದೆ. ನಮ್ಮ ಹಳ್ಳಿಮನೆಗಳಲ್ಲಿ ಹೊಸ್ತಿಲು ಎತ್ತರ, ಬಚ್ಚಲುಮನೆ ಒಂದೆರಡು ಮೆಟ್ಟಿಲು ತಗ್ಗು, ಕಲ್ಲಿನ ನೆಲ ಸದಾ ಒದ್ದೆ, ಶೌಚಾಲಯ ಹಿತ್ತಲಿನಲ್ಲಿ, ಕೂರಬೇಕಾದದ್ದು ಕುಕ್ಕರುಗಾಲಿನಲ್ಲಿ.

ಇವನ್ನೆಲ್ಲ ನೋಡುವುದೇ ಆಕ್ಯುಪೇಷನಲ್ ಥೆರಪಿಸ್ಟ್‌ಗಳ ವಿದ್ಯೆ. ಫಿಸಿಯೊಥೆರಪಿಯ ಹೆಸರು ಈಗ ಎಲ್ಲರಿಗೂ ಗೊತ್ತು. ಆಕ್ಯುಪೇಷನಲ್ ಥೆರಪಿಯನ್ನು ಬಲ್ಲವರು ಕಡಿಮೆ, ಅದನ್ನು ಓದಿದವರೂ ನಮ್ಮಲ್ಲಿ ಕಡಿಮೆ. ಕಾಲಿಗೆ ಬಲ ತುಂಬುವುದು, ಸಮತೋಲ ಕಲಿಸುವುದು ಫಿಸಿಯೊಥೆರಪಿಸ್ಟ್ ಗಮನ ಕೊಡುವ ವಿಷಯವಾದರೆ, ಈ ಮನುಷ್ಯ ಈ ಮನೆಯಲ್ಲಿ ಸ್ನಾನ ಮಾಡುವುದು ಹೇಗೆ, ಪಂಚೆ ಉಡುವುದು ಹೇಗೆ, ಎಡಗೈಯಲ್ಲಿ ಮುದ್ದೆ ಮುರಿಯುವುದು ಹೇಗೆ ಎಂಬುದು ಇವರದು. ಬ್ರಿಟನ್ನಿನಂಥ ದೇಶಗಳಲ್ಲಿ ಅಗತ್ಯವಿದ್ದರೆ ಡಿಸ್ಚಾರ್ಜ್‌ಗೆ ಮುನ್ನ ಇವರು ರೋಗಿಯ ಮನೆಯನ್ನು ನೋಡಿಬರುವುದುಂಟು. ಇಲ್ಲಿ ಅದು ತಕ್ಷಣಕ್ಕೆ ಸಾಧ್ಯವಾಗದಿರಬಹುದು, ಆದರೆ ಮನೆಯನ್ನು ಅವರ ಬಳಿಗೆ ಒಯ್ಯಬಹುದು. ಮಂಚದಿಂದ ಬಚ್ಚಲಿನವರೆಗಿನ ದಾರಿಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಮಂಚದ ಎತ್ತರ, ಹೊಸ್ತಿಲ ಎತ್ತರ, ಬಾಗಿಲ ಅಗಲಗಳನ್ನು ಟೇಪಿನಲ್ಲಿ ಅಳೆದು ಬರೆದುಕೊಂಡು ಹೋಗಿ. ಇಳಿಜಾರು ಹಾಕಿಸಬೇಕೆಂದರೆ ಒಂದಕ್ಕೆ ಹನ್ನೆರಡು ಎಂಬ ಲೆಕ್ಕವಿದೆ; 15 ಸೆಂಟಿಮೀಟರ್ ಎತ್ತರದ ಮೆಟ್ಟಿಲಿಗೆ 180 ಸೆಂಟಿಮೀಟರ್ ಉದ್ದದ ಇಳಿಜಾರು ಬೇಕು. ಅಷ್ಟು ಜಾಗವಿಲ್ಲದಿದ್ದರೆ ಗೋಡೆಗೆ ಹಿಡಿಕೆ ಹಾಕಿಸುವುದು, ಮಂಚದ ಬಳಿಯೇ ಕಮೋಡ್ ಕುರ್ಚಿ ಇಡುವುದು ಮೇಲು. ಹಿಡಿಕೆ ಯಾವ ಪಕ್ಕದಲ್ಲಿರಬೇಕು ಎಂಬುದನ್ನು ಮಾತ್ರ ಕೇಳಿಯೇ ಹಾಕಿಸಿ. ನಿಮ್ಮ ತಂದೆಗೆ ಅದು ಎಡಗೈಗೆ ಸಿಗಬೇಕು, ಹೋಗುವಾಗಲೂ ಬರುವಾಗಲೂ.

ಈಗ ನಿಮ್ಮ ಮೊದಲ ಪ್ರಶ್ನೆ. ಕಳಿಸುವ ಮುನ್ನ ಆಸ್ಪತ್ರೆಯವರಿಂದ ಕೇಳಿ ಪಡೆಯಬೇಕಾದದ್ದರಲ್ಲಿ ಅತಿ ಮುಖ್ಯವಾದದ್ದು, ನನ್ನ ಮಟ್ಟಿಗೆ, ಒಂದು ದಿನಾಂಕ ಮತ್ತು ಒಬ್ಬ ವ್ಯಕ್ತಿ: ಮುಂದಿನ ಥೆರಪಿ ಯಾವ ದಿನ, ಎಲ್ಲಿ, ಯಾರ ಬಳಿ. ‘ಮುಂದುವರಿಸಿ’ ಎಂಬ ಬರಹ ಸಲಹೆಯಷ್ಟೇ, ಅದು ವ್ಯವಸ್ಥೆಯಲ್ಲ. ಎರಡನೆಯದು ನುಂಗುವಿಕೆಯ ಪರೀಕ್ಷೆ. ಪಾರ್ಶ್ವವಾಯುವಾದವರು ನೀರು ಕುಡಿಯುವಾಗ ಕೆಮ್ಮಿದರೆ, ಊಟದ ನಂತರ ದನಿ ಗೊರಗೊರ ಎಂದರೆ, ಅನ್ನನೀರು ಶ್ವಾಸನಾಳಕ್ಕೆ ಇಳಿಯುತ್ತಿರಬಹುದು. ಅದರಿಂದ ಬರುವ ನ್ಯುಮೋನಿಯಾ ಪ್ರಾಣಕ್ಕೇ ಅಪಾಯ. ನೆಟ್ಟಗೆ ಕೂರಿಸಿ ಉಣಿಸಬೇಕು, ಉಂಡ ಮೇಲೆ ಅರ್ಧ ಗಂಟೆಯಾದರೂ ಮಲಗಿಸಬಾರದು. ಗಂಜಿ ಎಷ್ಟು ಗಟ್ಟಿ ಇರಬೇಕೆಂಬುದನ್ನು ಪರೀಕ್ಷಿಸಿದವರೇ ಹೇಳಬೇಕು. ಮೂರನೆಯದಾಗಿ, ಎಬ್ಬಿಸುವ ಮತ್ತು ಕೂರಿಸುವ ಕ್ರಮವನ್ನು ಥೆರಪಿಸ್ಟ್ ಎದುರಿನಲ್ಲಿ ನೀವೇ ಮಾಡಿ ತೋರಿಸಿ ಸರಿಪಡಿಸಿಕೊಳ್ಳಬೇಕು. ಕುರ್ಚಿಯನ್ನು ಗಟ್ಟಿಯಿರುವ ಪಕ್ಕಕ್ಕೆ ಇಡುವುದು, ಅಂಗಿ ತೊಡಿಸುವಾಗ ಸ್ವಾಧೀನವಿಲ್ಲದ ಕೈಯನ್ನು ಮೊದಲು ತೂರಿಸುವುದು, ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಬಲಹೀನ ಕಾಲು ಮೊದಲು, ಇವು ಹೇಳಲು ಸುಲಭ, ಕೈಗೆ ಹತ್ತಲು ಅಭ್ಯಾಸ ಬೇಕು. ಸ್ವಾಧೀನವಿಲ್ಲದ ಕೈಯನ್ನು ಹಿಡಿದು ಎಳೆದು ಎಬ್ಬಿಸುವುದನ್ನು ಇವತ್ತೇ ನಿಲ್ಲಿಸಿ. ಆ ಭುಜವನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುತ್ತವೆ, ಕೀಲು ಜಾರುತ್ತದೆ, ಆಮೇಲಿನ ಭುಜನೋವು ತಿಂಗಳುಗಟ್ಟಲೆ ವ್ಯಾಯಾಮವನ್ನೇ ತಡೆಯುತ್ತದೆ. ಎಣ್ಣೆ ತಿಕ್ಕಿಸುವ ಮನೆಗಳಿಗೂ ಇದೇ ಮಾತು; ಜೊತೆಗೆ ನಾಟಿ ಔಷಧಿ ಶುರುಮಾಡಿ ಆಸ್ಪತ್ರೆಯ ಮಾತ್ರೆ ನಿಲ್ಲಿಸಿದರೆ ಎರಡನೆಯ ಆಘಾತಕ್ಕೆ ದಾರಿ ಮಾಡಿಕೊಟ್ಟಂತೆ.

ವಿಡಿಯೊ ನೋಡಿ ಮಾಡಿಸುವ ವ್ಯಾಯಾಮದಲ್ಲಿರುವ ಇನ್ನೊಂದು ತೊಂದರೆ ಪ್ರಮಾಣದ್ದು. ಹೆಚ್ಚು ಮಾಡಿಸಿದಷ್ಟೂ ಬೇಗ ಗುಣವಾಗುತ್ತದೆ ಎಂದು ನಂಬಿ ದಣಿಸುವವರನ್ನು ನೋಡಿದ್ದೇನೆ. ಪಾರ್ಶ್ವವಾಯುವಾದ 24 ಗಂಟೆಯೊಳಗೆ ಹೆಚ್ಚಿನ ಪ್ರಮಾಣದಲ್ಲಿ ಎಬ್ಬಿಸಿ ನಡೆದಾಡಿಸಿದ ‘ಅವರ್ಟ್’ ಎಂಬ ಅಂತರರಾಷ್ಟ್ರೀಯ ಪ್ರಯೋಗದಲ್ಲಿ, ಎಂದಿನ ಆರೈಕೆ ಪಡೆದವರಿಗಿಂತ ಹಾಗೆ ನಡೆದಾಡಿಸಿದವರ ಚೇತರಿಕೆ ಹಿಂದೆ ಬಿದ್ದದ್ದು 2015ರಲ್ಲಿ ವರದಿಯಾಯಿತು. ಯಾವಾಗ, ಎಷ್ಟು, ಎಷ್ಟು ಹೊತ್ತು ಎಂಬುದು ರೋಗಿಯನ್ನು ಕಣ್ಣಾರೆ ನೋಡಿ ನಿರ್ಧರಿಸುವ ಸಂಗತಿ.

ಹಣದ ಮಾತನ್ನೂ ಆಡಲೇಬೇಕು, ಏಕೆಂದರೆ ಥೆರಪಿ ನಿಂತುಹೋಗಲು ಅದು ದೊಡ್ಡ ಕಾರಣ. ಪಾರ್ಶ್ವವಾಯುವಿನ ನಂತರ ಚೇತರಿಕೆಯ ವೇಗ ಮೊದಲ ಮೂರು ತಿಂಗಳಲ್ಲಿ ಹೆಚ್ಚು. ಆಮೇಲೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಆದರೆ ಆಯುಷ್ಮಾನ್ ಭಾರತ್ ಯೋಜನೆ ಡಿಸ್ಚಾರ್ಜ್ ನಂತರದ ವೆಚ್ಚವನ್ನು ಭರಿಸುವುದು 15 ದಿನಗಳವರೆಗೆ ಮಾತ್ರ. ಲಕ್ಷಗಟ್ಟಲೆ ಖರ್ಚು ಮಾಡಿ ಜೀವ ಉಳಿಸಿದ ಮೇಲೆ, ಆ ಜೀವ ತನ್ನ ಕಾಲ ಮೇಲೆ ನಿಲ್ಲಲು ಬೇಕಾದ ಕೆಲವು ಸಾವಿರಗಳನ್ನು ಬಡ ಕುಟುಂಬದ ಜೇಬಿಗೆ ಬಿಡುವುದು ನ್ಯಾಯವಲ್ಲ. ಮನೆಗೇ ಹೋಗಿ ನೀಡುವ ಥೆರಪಿಯನ್ನು ಮೂರು ತಿಂಗಳವರೆಗಾದರೂ ಚಿಕಿತ್ಸೆಯ ಪ್ಯಾಕೇಜಿನಲ್ಲಿಯೇ ಸೇರಿಸಬೇಕೆಂದು ಈ ಪತ್ರಿಕೆ ರಾಜ್ಯ ಸರ್ಕಾರವನ್ನು ಒತ್ತಾಯಿಸುತ್ತದೆ. ಇದಕ್ಕೆ ಹೊಸ ಕಟ್ಟಡಗಳೇನೂ ಬೇಡ. ಹಿರಿಯರ ಆರೋಗ್ಯಕ್ಕಾಗಿ ಇರುವ ರಾಷ್ಟ್ರೀಯ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಯಲ್ಲಿ ಫಿಸಿಯೊಥೆರಪಿ ಘಟಕವನ್ನೂ, ಸಮುದಾಯ ಆರೋಗ್ಯ ಕೇಂದ್ರದಿಂದ ಹಾಸಿಗೆ ಹಿಡಿದ ಹಿರಿಯರ ಮನೆಗೆ ಪುನರ್ವಸತಿ ಕಾರ್ಯಕರ್ತರ ಭೇಟಿಯನ್ನೂ ವಿಧಿಸಿದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮವು ನರರೋಗಗಳ ಚಿಕಿತ್ಸೆಯನ್ನು ಜಿಲ್ಲಾ ಮಟ್ಟಕ್ಕೆ ತರುವ ಉದ್ದೇಶದ್ದು. ಡಿಸ್ಚಾರ್ಜ್ ಆದ ದಿನವೇ ರೋಗಿಯ ವಿವರ ಆತನ ತಾಲ್ಲೂಕಿಗೆ ತಲುಪುವಂತೆ ಇವೆರಡನ್ನೂ ಜೋಡಿಸುವುದು ಆಡಳಿತಕ್ಕೆ ಮನಸ್ಸಿದ್ದರೆ ಆಗುವ ಕೆಲಸ.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು. ತಂದೆ ಮಂಚ ಬಿಟ್ಟು ಇಳಿಯದಿರುವುದನ್ನು ವಿಶ್ರಾಂತಿಯೆಂದು ಬಿಡಬೇಡಿ. ಆರೋಗ್ಯವಂತ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಇರಿಸಿ ನೋಡಿದ ಅಮೆರಿಕದ ಅಧ್ಯಯನವೊಂದರಲ್ಲಿ, ಅವರ ಕಾಲುಗಳಿಂದ ಸುಮಾರು ಒಂದು ಕಿಲೋದಷ್ಟು ಮಾಂಸಖಂಡ ಕರಗಿತ್ತು. ಈ ವಾರವೇ ಅವರನ್ನು ಹಾಸನದ ಸರ್ಕಾರಿ ಆಸ್ಪತ್ರೆಯ ಫಿಸಿಯೊಥೆರಪಿ ವಿಭಾಗಕ್ಕೆ ಕರೆದೊಯ್ಯಿರಿ. ಬಿದ್ದದ್ದನ್ನೂ, ಬೀಳುವ ಭಯವನ್ನೂ ಬಾಯಿಬಿಟ್ಟು ಹೇಳಿ, ಭಯ ಕಳೆಯುವುದೂ ಥೆರಪಿಯ ಒಂದು ಭಾಗವೇ. ಎದ್ದಾಗ, ಮಲಗಿದಾಗ ರಕ್ತದೊತ್ತಡ ನೋಡಲು ವೈದ್ಯರನ್ನು ಕೇಳಿ. ಮಾತು ಮತ್ತು ನುಂಗುವಿಕೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಒಮ್ಮೆ ಖುದ್ದಾಗಿ ತೋರಿಸಿದ ಮೇಲೆ ಟೆಲಿ-ಥೆರಪಿಯ ಸೌಲಭ್ಯ ನಿಮ್ಮ ತಂದೆಗೆ ಹೊಂದುತ್ತದೆಯೇ ಎಂದು ವಿಚಾರಿಸಿ. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ವಿಷಯ ತಿಳಿಸಿ. ವಾಕರ್, ಗಾಲಿಕುರ್ಚಿಯಂಥ ಸಾಧನಗಳಿಗೆ ಅರ್ಜಿ ಹಾಕಲು ಅವರು ನೆರವಾಗುತ್ತಾರೆ. ಖಾಸಗಿಯಾಗಿ ಮನೆಗೆ ಯಾರನ್ನಾದರೂ ಕರೆಸುವುದಾದರೆ ಅವರಿಗೆ ಫಿಸಿಯೊಥೆರಪಿ ಪದವಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ದಿನವೂ ಕರೆಸಲು ಕೈಯಲ್ಲಿ ದುಡ್ಡಿಲ್ಲದಿದ್ದರೆ ಅವರು ವಾರಕ್ಕೆರಡು ಬಾರಿ ಬಂದು, ನಡುವಿನ ದಿನಗಳಲ್ಲಿ ನೀವು ಮಾಡಿಸಬೇಕಾದದ್ದನ್ನು ಬರೆದುಕೊಟ್ಟು, ಮುಂದಿನ ಭೇಟಿಯಲ್ಲಿ ಅದನ್ನು ತಿದ್ದುವ ಒಪ್ಪಂದ ಮಾಡಿಕೊಳ್ಳಿ. ನಿಮ್ಮ ಮನೆಯವರ ಶ್ರಮಕ್ಕೆ ಫಲ ಸಿಗುವುದು ಹೀಗೆ ಪರಿಣತರ ಕಣ್ಣಿನ ಕೆಳಗೆ ನಡೆದಾಗ.

ಡಿಸ್ಚಾರ್ಜ್ ಸಮರಿಯ ಪ್ರತಿಯೊಂದನ್ನು, ಹೆಸರುಗಳನ್ನು ಮರೆಮಾಡಿ, ನಮಗೂ ಕಳಿಸಿಕೊಡಿ. ಇತರ ಓದುಗರೂ ಇಂಥ ಸಮರಿಗಳಲ್ಲಿ ಥೆರಪಿಯ ಬಗ್ಗೆ ಏನು ಬರೆದಿತ್ತೆಂದು ತಿಳಿಸಿದರೆ, ಅವನ್ನೆಲ್ಲ ಒಟ್ಟುಮಾಡಿ ಆರೋಗ್ಯ ಇಲಾಖೆಗೆ ಸಲ್ಲಿಸುತ್ತೇವೆ.