ನಂದಿ ಹಾಲ್ಟ್‌ಗೆ ಆನ್‌ಲೈನ್‌ನಲ್ಲಿ ಟಿಕೆಟ್ ಕಾಣದಿದ್ದರೆ

ರೈಲ್ವೆ ಟಿಕೆಟ್ ತಾಣ ಐಆರ್‌ಸಿಟಿಸಿಯಲ್ಲಿ ನಂದಿ ಬೆಟ್ಟದ ಹತ್ತಿರದ ನಂದಿ ಹಾಲ್ಟ್‌ಗೆ ರೈಲೇ ಕಾಣುತ್ತಿಲ್ಲ, ನಿಲ್ದಾಣ ಮುಚ್ಚಿದೆಯಾ, ಅಲ್ಲಿನ ಹಳೇ ಕಟ್ಟಡ ಯಾವುದು ಎಂದು ಕೇಳಿದ್ದೀರಿ. ಬಹುಶಃ ನೀವು ರಿಸರ್ವೇಶನ್ ಟಿಕೆಟ್ ಹುಡುಕುತ್ತಿದ್ದೀರಿ. ಅಲ್ಲಿ ನಿಲ್ಲುವುದು ಪ್ಯಾಸೆಂಜರ್ ಗಾಡಿಗಳು, ಅವಕ್ಕೆ ಸೀಟು ಕಾದಿರಿಸುವುದಿಲ್ಲ.

ಮೊದಲು ರೈಲಿನ ವೇಳೆ ತೋರಿಸುವ ರೈಲ್ವೆಯ ತಾಣ ಎನ್‌ಟಿಇಎಸ್‌ನಲ್ಲಿ ಯಲಹಂಕದಿಂದ ನಂದಿ ಹಾಲ್ಟ್ ಅಂತ ಹುಡುಕಿ. ವೇಳೆ ಬದಲಾಗಬಹುದು, ಹಿಂದಿನ ದಿನ ಇನ್ನೊಮ್ಮೆ ನೋಡಿ. ವಾಪಸ್ ಗಾಡಿಯನ್ನೂ ಆಗಲೇ ನೋಡಿಕೊಳ್ಳಿ. ಗಾಡಿಗಳು ಕೆಲವೇ ಇರುವುದು, ಒಂದು ತಪ್ಪಿದರೆ ತುಂಬಾ ಹೊತ್ತು ಕಾಯಬೇಕು. ಆಮೇಲೆ ಯಲಹಂಕದ ಕೌಂಟರ್‌ನಲ್ಲಿ ಜನರಲ್ ಟಿಕೆಟ್ ತಗೊಳ್ಳಿ, ಸಾಕು.

ನೀವು ಕೇಳಿದ ಹಳೇ ಕಟ್ಟಡ ಇದೇ ನಿಲ್ದಾಣದ್ದು. 1915ರ ಸುಮಾರಿನ ನ್ಯಾರೋ ಗೇಜ್ (ಕಿರಿದಾದ ಹಳಿ) ಕಾಲದ್ದು. ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಸಂಸ್ಥೆ ಇಂಟ್ಯಾಕ್‌ನವರು ದುರಸ್ತಿ ಮಾಡಿ ಉಳಿಸಿದ್ದಾರೆ, ನಿಜಕ್ಕೂ ದೊಡ್ಡ ಕೆಲಸ. ಇಳಿದ ಮೇಲೆ ಸ್ವಲ್ಪ ಹೊತ್ತು ನಿಂತು ನೋಡಿ. ಬೆಟ್ಟದ ತುದಿ ಅಲ್ಲಿಂದ ದೂರ, ಹೋಗುವುದಿದ್ದರೆ ಆಟೋ ಮಾತಾಡಿಕೊಳ್ಳಿ.