ಅಣೆಕಟ್ಟಿನ ಕೆಳಗೆ ನದಿ ಬೇಸಿಗೆಯಲ್ಲೂ ತಣ್ಣಗೆ ಯಾಕೆ?

ಪ್ರಶ್ನೆ: ನೀರಿನ ಉಷ್ಣಾಂಶ ನೋಡಿ ನದಿಗಳನ್ನು ಗುಂಪು ಮಾಡುತ್ತಾರೆ ಅಂತ ಓದಿದೆ. ಹೇಗೆ ಮಾಡುತ್ತಾರೆ? ಅಣೆಕಟ್ಟು ಕಟ್ಟಿದರೆ ಆ ಗುಂಪೇ ಬದಲಾಗುತ್ತದಂತೆ, ನಿಜವೇ? ಹರಿಯುವ ನೀರು ಸ್ವಲ್ಪ ದೂರ ಹೋದ ಮೇಲೆ ಮತ್ತೆ ಬಿಸಿಯಾಗುತ್ತದಲ್ವಾ?

ಉತ್ತರ: ಬದಲಾಗುವುದು ನಿಜ. ಆದರೆ ಬರೀ ಸರಾಸರಿ ನೋಡಿದರೆ ಅದು ಗೊತ್ತೇ ಆಗದಿರಬಹುದು. ಎರಡು ನದಿಗಳಿವೆ ಅಂದುಕೊಳ್ಳಿ, ಎರಡಕ್ಕೂ ವರ್ಷದ ಸರಾಸರಿ 12 ಡಿಗ್ರಿ ಸೆಲ್ಸಿಯಸ್. ಒಂದು ಚಳಿಗಾಲದಲ್ಲಿ 2ಕ್ಕೆ ಇಳಿದು ಬೇಸಿಗೆಯಲ್ಲಿ 22ಕ್ಕೆ ಏರುತ್ತದೆ, ಇನ್ನೊಂದು ವರ್ಷವಿಡೀ 10ರಿಂದ 14ರ ಒಳಗೇ ಇರುತ್ತದೆ. ಇವೆರಡನ್ನೂ ಒಂದೇ ಗುಂಪಿಗೆ ಹಾಕಲು ಆಗುವುದಿಲ್ಲ. ಹಾಗಾಗಿ ಕೆಲವು ವರ್ಷ ದಿನಾ ಅಳೆದು, ಸರಾಸರಿಯ ಜೊತೆಗೆ ಏರಿಳಿತ ಎಷ್ಟು, ನೀರು ಅತಿ ಬೆಚ್ಚಗಾಗುವುದು ಯಾವಾಗ ಅನ್ನುವುದನ್ನೂ ನೋಡುತ್ತಾರೆ. ನೆಲದಡಿಯ ಒರತೆಯಿಂದ ತುಂಬುವ ಹೊಳೆ 'ತಣ್ಣಗೆ, ಸ್ಥಿರ' ಅನ್ನುವ ಗುಂಪಿಗೆ ಬರುತ್ತದೆ. ಬಿಸಿಲಿಗೆ ಮೈಯೊಡ್ಡಿ ಬಯಲಲ್ಲಿ ಹರಿಯುವ ನದಿಯಲ್ಲಿ ಏರಿಳಿತ ಜಾಸ್ತಿ.

ಈಗ ಅಣೆಕಟ್ಟಿನ ವಿಷಯ. ಆಳವಾದ ಜಲಾಶಯದಲ್ಲಿ ಬೇಸಿಗೆಯಲ್ಲಿ ಬಿಸಿ ನೀರು ಹಗುರಾಗಿ ಮೇಲೆ ನಿಲ್ಲುತ್ತದೆ, ತಣ್ಣೀರು ಭಾರವಾಗಿ ತಳದಲ್ಲಿ ಕೂರುತ್ತದೆ. ಆಗ ಎರಡೂ ಅಷ್ಟಾಗಿ ಬೆರೆಯುವುದಿಲ್ಲ. ನೀರು ಹೊರಬಿಡುವ ದಾರಿ ಆಳದಲ್ಲಿದ್ದರೆ ಕೆಳಗಿನ ನದಿಗೆ ಆ ತಣ್ಣೀರೇ ಹೋಗುತ್ತದೆ. ಚಳಿಗಾಲದಲ್ಲಿ ಉಲ್ಟಾ, ಜಲಾಶಯದ ನೀರೇ ನದಿಗಿಂತ ಬೆಚ್ಚಗಿರುತ್ತದೆ. ಅಂದರೆ ಏರಿಳಿತದ ನದಿ ಒರತೆಯ ಹೊಳೆಯ ಹಾಗೆ ಆಗಿಬಿಡುತ್ತದೆ! ಇನ್ನು ಸಣ್ಣ, ಆಳವಿಲ್ಲದ ಕಟ್ಟೆಗಳಲ್ಲಿ ನೀರು ಬಿಸಿಲಿಗೆ ಕಾದು ಮೇಲಿಂದಲೇ ಹರಿಯುವುದರಿಂದ ಕೆಳಗಿನ ಹೊಳೆ ಬೆಚ್ಚಗಾಗುವುದೂ ಉಂಟು. ಎಲ್ಲ ಅಣೆಕಟ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಅಮೆರಿಕದ ಕೊಲರಾಡೊ ನದಿಯನ್ನೇ ನೋಡಿ. 1963ರಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ನೀರು ತಡೆಯುವ ಮೊದಲು ನದಿ ಚಳಿಗಾಲದಲ್ಲಿ ಹೆಪ್ಪುಗಟ್ಟುವ ಹಂತಕ್ಕೆ ಇಳಿದು, ಬೇಸಿಗೆಯಲ್ಲಿ 25 ಡಿಗ್ರಿ ದಾಟುತ್ತಿತ್ತು. ಜಲಾಶಯ ತುಂಬಿದ ಮೇಲೆ ಅಣೆಕಟ್ಟಿನ ಕೆಳಗೆ ಬಹಳ ವರ್ಷ ಹೆಚ್ಚುಕಡಿಮೆ 8ರಿಂದ 10 ಡಿಗ್ರಿಯಲ್ಲೇ ನಿಂತಿತು. ಅಲ್ಲಿನ ಹಂಪ್‌ಬ್ಯಾಕ್ ಚಬ್ ಮೀನಿಗೆ ಮರಿ ಮಾಡಲು ಬೆಚ್ಚಗಿನ ನೀರು ಬೇಕು. ಮುಖ್ಯ ನದಿಯಲ್ಲಿ ಅಂಥ ನೀರು ಸಿಗದೆ ಆ ಮೀನು ಲಿಟಲ್ ಕೊಲರಾಡೊ ಎಂಬ ಉಪನದಿಯನ್ನೇ ನಂಬಿಕೊಂಡಿತು. ನೀವು ಕೇಳಿದ ಹಾಗೆ ನೀರು ಹರಿಯುತ್ತಾ ಬಿಸಿಯಾಗುತ್ತದೆ, ಆದರೆ ತುಂಬಾ ನಿಧಾನ. ದೊಡ್ಡ ನದಿಯಲ್ಲಿ ನೂರಾರು ಕಿಲೋಮೀಟರ್ ಹೋದರೂ ಹಳೆಯ ಬೇಸಿಗೆ ವಾಪಸ್ ಬರುವುದಿಲ್ಲ.

ಪರಿಹಾರ ಇಲ್ಲದಿಲ್ಲ. ಬೇರೆ ಬೇರೆ ಎತ್ತರದಿಂದ ನೀರು ತೆಗೆಯುವ ಬಾಗಿಲುಗಳನ್ನು ಕೂರಿಸಬಹುದು. ಕ್ಯಾಲಿಫೋರ್ನಿಯಾದ ಶಾಸ್ತಾ ಅಣೆಕಟ್ಟಿಗೆ 1997ರಲ್ಲಿ ಇಂಥದ್ದೇ ಏರ್ಪಾಡು ಬಂತು, ಅಲ್ಲಿ ಮಾತ್ರ ಸಾಲ್ಮನ್ ಮೊಟ್ಟೆಗಳಿಗೆ ಬೇಕಿದ್ದದ್ದು ತಣ್ಣೀರು! ಯಾವ ಜೀವಿಗೆ ಯಾವಾಗ ಏನು ಬೇಕು ಅಂತ ಮೊದಲು ತಿಳಿಯದೆ ಬಾಗಿಲು ತೆರೆಯಬಾರದು ಅಂತ ನಾನು ಹೇಳುವುದು ಇದಕ್ಕೇ. ಗ್ಲೆನ್ ಕ್ಯಾನ್ಯನ್‌ನಲ್ಲಿ 2022ರಲ್ಲಿ ಜಲಾಶಯದ ಮಟ್ಟ ತೀರಾ ಇಳಿದು, ಮೇಲ್ಪದರದ ಬಿಸಿ ನೀರೇ ಹೊರಬಿಡುವ ದಾರಿಯ ಹತ್ತಿರಕ್ಕೆ ಇಳಿದು ಹೊರಬಂತು. ಅದರ ಜೊತೆಗೇ ಜಲಾಶಯದಲ್ಲಿದ್ದ ಸ್ಮಾಲ್‌ಮೌತ್ ಬಾಸ್ ಎಂಬ ಹೊರಗಿನ ಮೀನು ಅಣೆಕಟ್ಟು ದಾಟಿ ಬಂದು ಕೆಳಗೆ ಮರಿ ಮಾಡಿತು. ಅದು ಚಬ್ ಮರಿಗಳನ್ನು ತಿನ್ನುವ ಮೀನು.