ಅರ್ಧ ತಾಸು ಶ್ರುತಿಗೇ ಹೋದರೆ ಪಾಠ ಯಾವಾಗ?

ವಿಶ್ವವಿದ್ಯಾಲಯದ ಸಂಗೀತ ತರಗತಿಗಳಲ್ಲಿ ತಂತಿವಾದ್ಯ ಕಲಿಸುವವರು, ಕಲಿಯುವವರು ಬರೆದ ನಾಲ್ಕು ಪತ್ರಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಶರಣು. ಅತಿಥಿ ಉಪನ್ಯಾಸಕನಾಗಿ ಸಿತಾರ್ ಕಲಿಸುತ್ತೇನೆ. ಒಂಬತ್ತು ಮಂದಿ ವಿದ್ಯಾರ್ಥಿಗಳು, ಆರು ಸಿತಾರ್, ಒಂದು ತಾಸಿನ ಪಿರಿಯಡ್. ಆರನ್ನೂ ಶ್ರುತಿ ಮಾಡಿ ಕೊಡುವಷ್ಟರಲ್ಲಿ ಅರ್ಧ ತಾಸು ಹೋಗಿರುತ್ತದೆ. ಬೇಸಿಗೆಯಲ್ಲಂತೂ ಮುಂಜಾನೆ ಕೂಡಿಸಿದ ಶ್ರುತಿ ಮಧ್ಯಾಹ್ನಕ್ಕೆ ಇಳಿದುಬಿಡುತ್ತದೆ. ಏನು ಮಾಡಲಿ? — ಕಲಬುರಗಿ

ಉತ್ತರ: ಶರಣು. ಮೊದಲು, ನೀವೇ ಶ್ರುತಿ ಮಾಡಿ ಕೊಡುವುದನ್ನು ಬಿಡಿ. ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಕೂತು ಕೇಳುತ್ತಲೇ ಶಿಷ್ಯನ ಕಿವಿ ಪಳಗುತ್ತಿತ್ತು. ಸೆಮಿಸ್ಟರ್ ಪದ್ಧತಿಯಲ್ಲಿ ಅಷ್ಟು ಪುರುಸೊತ್ತಿಲ್ಲ. ಶ್ರುತಿ ಮಾಡುವುದನ್ನೇ ಪಾಠವಾಗಿ ಕಲಿಸಬೇಕು. ನೀವು ಮಾಡಿಕೊಟ್ಟಷ್ಟು ದಿನವೂ ಹುಡುಗರು ತಂತಿ ಬಿಗಿಸುವ ಬಿರಡೆಗೆ ಕೈ ಹಚ್ಚಲು ಅಂಜುತ್ತಾರೆ.

ಮೊದಲ ತಿಂಗಳು ಬಾಜ್ (ರಾಗ ನುಡಿಸುವ ಮುಖ್ಯ ತಂತಿ), ಜೋಡ್ (ಅದರ ಪಕ್ಕದ ತಂತಿ), ಚಿಕಾರಿ (ಲಯಕ್ಕೆ ಮೀಟುವ ಅಂಚಿನ ತಂತಿಗಳು) ಇಷ್ಟೇ ಸಾಕು. ಆರು ಮಂದಿ ವಾದ್ಯ ಹಿಡಿದಾಗ ಉಳಿದ ಮೂವರು ತಂಬೂರಿಯ ಜೊತೆ ಷಡ್ಜ ಹಿಡಿದು ಹಾಡಲಿ. ಗಂಟಲಲ್ಲಿ ಸ್ವರ ನಿಲ್ಲದವನಿಗೆ ತಂತಿಯಲ್ಲಿ ಅದು ಸಿಗುವುದಿಲ್ಲ. ಮೊದಲು ಜೋಡ್ ಷಡ್ಜಕ್ಕೆ, ಆಮೇಲೆ ಬಾಜ್ ಮಧ್ಯಮಕ್ಕೆ, ಬಳಿಕ ಚಿಕಾರಿ. ಏಳೂ ತಂತಿ ಕೂಡಿಸುವ ಹಂತಕ್ಕೆ ಬಂದಾಗ ಪಂಚಮ, ಖರಜ್ (ಮಂದ್ರದ ದಪ್ಪ ತಂತಿ) ಸೇರಿಸಿ, ತರಬ್ (ಮುಖ್ಯ ತಂತಿಗಳ ಕೆಳಗೆ ತಾವಾಗಿಯೇ ಅನುರಣಿಸುವ ತಂತಿಗಳು) ಮುಗಿಸಿ, ಮತ್ತೆ ಬಾಜ್‌ಗೆ ಬನ್ನಿ. ಹನ್ನೊಂದರಿಂದ ಹದಿಮೂರು ತರಬ್ ತಂತಿ ಬಿಗಿಯಾದಾಗ ದಾಂಡಿ (ವಾದ್ಯದ ಉದ್ದ ಕತ್ತು) ಕೂದಲೆಳೆಯಷ್ಟು ಬಾಗುತ್ತದೆ, ಮೊದಲು ಕೂಡಿಸಿದ ಬಾಜ್ ಇಳಿಯುತ್ತದೆ. ಶ್ರುತಿ ನಿಲ್ಲಲಿಲ್ಲ ಎಂದು ಹುಡುಗರು ಗಾಬರಿಯಾಗುವುದು ಇಲ್ಲೇ. ಹಾಗಾಗಿ ತರಬ್ ಅನ್ನು ಪಿರಿಯಡ್‌ನಲ್ಲಿ ಮುಟ್ಟಲೇಬೇಡಿ. ವಾರಕ್ಕೊಮ್ಮೆ ಬೇರೆ ಸಮಯ ಇಟ್ಟುಕೊಳ್ಳಿ.

ಬಿರಡೆ ತಿರುಗಿಸುವ ರೀತಿಯನ್ನು ಹತ್ತಿರ ಕೂರಿಸಿಕೊಂಡು ತೋರಿಸಿ. ತಿರುಗಿಸುತ್ತಲೇ ಒಳಕ್ಕೆ ಒತ್ತಬೇಕು. ತಿರುಗಿಸಿ ಆಮೇಲೆ ಒತ್ತಿದರೆ ಸ್ವರ ಜಿಗಿಯುತ್ತದೆ. ಸ್ವರ ಮೇಲೆ ಹೋಗಿದ್ದರೆ ಬೇಕಾದ್ದಕ್ಕಿಂತ ಕೆಳಗೆ ಇಳಿಸಿ, ಅಲ್ಲಿಂದ ಏರಿಸಿಕೊಂಡು ಬರಬೇಕು. ಕೂಡಿಸಿದ ಮೇಲೆ ಮೂರ್ನಾಲ್ಕು ಸಲ ಉದ್ದ ಮೀಂಡ್ (ತಂತಿಯನ್ನು ಪಕ್ಕಕ್ಕೆ ಜಗ್ಗಿ ಸ್ವರ ಏರಿಸುವುದು) ಎಳೆದು, ಇಳಿದದ್ದನ್ನು ಮತ್ತೆ ಸರಿಪಡಿಸಬೇಕು. ಕೊನೆಯ ಎಳೆಯಷ್ಟು ವ್ಯತ್ಯಾಸವನ್ನು ಬಿರಡೆಯಿಂದಲ್ಲ, ತಂತಿಗಳನ್ನು ಹೊತ್ತ ಕುದುರೆಯ ಹಿಂದೆ ತಂತಿಗೆ ಪೋಣಿಸಿದ ಮಣಿಯಿಂದ ಸರಿಮಾಡಿ.

ಇನ್ನು ನಮ್ಮ ಬಿಸಿಲು. ಕಾವಿಗೆ ಉಕ್ಕಿನ ತಂತಿ ಹಿಗ್ಗಿ ಸ್ವರ ಇಳಿಯುತ್ತದೆ. ಒಣಗಾಳಿಗೆ ಬಿರಡೆಯ ಕಟ್ಟಿಗೆ ಸೊರಗಿ ತೂತಿನಲ್ಲಿ ಜಾರುತ್ತದೆ. ಜಾರುವ ಬಿರಡೆಗೆ ಒಣ ಸೀಮೆಸುಣ್ಣ ಹಚ್ಚಿ, ಎಣ್ಣೆ ಖಂಡಿತ ಬೇಡ. ವಾದ್ಯಗಳನ್ನು ನೆಲಮಹಡಿಯ ಕೋಣೆಯಲ್ಲಿ, ಬಿಸಿಲು ಬೀಳದ ಗೋಡೆಯ ಕಡೆ ಪೆಟ್ಟಿಗೆಯಲ್ಲಿಡಿ. ಶಹಾಬಾದ್ ಕಲ್ಲಿನ ನೆಲವಿದ್ದರೆ ಇನ್ನೂ ಒಳ್ಳೆಯದು, ಅದು ತಂಪು ಹಿಡಿದಿಡುತ್ತದೆ. ತಗಡಿನ ಛಾವಣಿಯ ಕೋಣೆ ಬೇಡ. ಕೂಲರ್ ಗಾಳಿ ವಾದ್ಯದ ಮೇಲೆ ನೇರವಾಗಿ ಬೀಳದಿರಲಿ: ತರಗತಿಯಲ್ಲಿ ತೇವ, ಹೊರಗೆ ಬೆಂಕಿಯಂಥ ಗಾಳಿ, ಹೀಗೆ ದಿನಕ್ಕೆರಡು ಸಲ ಹಿಗ್ಗಿ ಕುಗ್ಗಿದರೆ ಬೆಸುಗೆ ಬಿಡುತ್ತದೆ, ಸೋರೆಬುರುಡೆ ಸೀಳುತ್ತದೆ. ರಜೆಯಲ್ಲಿ ತಂತಿಗಳನ್ನು ಒಂದೆರಡು ಸ್ವರ ಇಳಿಸಿಡಿ. ಪೂರ್ತಿ ಸಡಿಲಿಸಿದರೆ ಕುದುರೆ ಜಾಗ ಬಿಟ್ಟು ಸರಿಯುತ್ತದೆ.

ಪ್ರಶ್ನೆ: ಸಿತಾರ್‌ನಲ್ಲಿ ಎಂ.ಮ್ಯೂಸಿಕ್ ಓದುತ್ತಿದ್ದೇನೆ. ಅಧ್ಯಾಪಕಿಯಾಗಲು ಇಷ್ಟು ಸಾಕೇ? — ಬೀದರ್

ಉತ್ತರ: ಸಾಲದು ತಂಗಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ ಸ್ನಾತಕೋತ್ತರದಲ್ಲಿ ಶೇ 55 ಅಂಕ, ಅದರ ಜೊತೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಥವಾ ಕೆ-ಸೆಟ್ (ರಾಜ್ಯದ ಅರ್ಹತಾ ಪರೀಕ್ಷೆ) ಬೇಕು. ನಿಯಮಾನುಸಾರ ಪಡೆದ ಪಿಎಚ್‌ಡಿ ಇದ್ದರೆ ನೆಟ್‌ನಿಂದ ವಿನಾಯಿತಿ ಉಂಟು. ಮೀಸಲು ವರ್ಗಗಳಿಗೆ ಅಂಕದಲ್ಲಿ ಶೇ 5 ಸಡಿಲಿಕೆ ಇದೆ. ನೆಟ್‌ನಲ್ಲಿ ಸಂಗೀತದ ವಿಷಯ ಸಂಖ್ಯೆ 16. ಕಲಾವಿದರಿಗೆ ಇನ್ನೊಂದು ದಾರಿಯಿದೆ: ಪದವಿ, ಹೆಸರಾಂತ ಗುರುಗಳ ಬಳಿ ಕಲಿಕೆ, ಆಕಾಶವಾಣಿ ಅಥವಾ ದೂರದರ್ಶನದ ‘ಎ’ ದರ್ಜೆ, ಶಾಸ್ತ್ರಭಾಗವನ್ನು ಉದಾಹರಣೆ ಸಹಿತ ಕಲಿಸುವ ಶಕ್ತಿ. ‘ಎ’ ದರ್ಜೆ ಒಂದೇ ಜಿಗಿತಕ್ಕೆ ಸಿಗುವುದಲ್ಲ. ಬಿ, ಬಿ-ಹೈ ದಾಟಿ ಬರುವವರೇ ಹೆಚ್ಚು. ಓದುತ್ತಿರುವಾಗಲೇ ಕಲಬುರಗಿ ಆಕಾಶವಾಣಿಯಲ್ಲಿ ಆಡಿಷನ್ ವಿಚಾರಿಸಿ.

ಪ್ರಶ್ನೆ: ಕರ್ನಾಟಕ ಪದ್ಧತಿಯ ವಾಯಲಿನ್ ಕಲಿತಿದ್ದೇನೆ. ಹಿಂದುಸ್ತಾನಿ ಕೋರ್ಸಿಗೆ ಸೇರುತ್ತಿದ್ದೇನೆ. ಶ್ರುತಿ, ತಂತಿ ಬದಲಿಸಬೇಕೇ? — ಯಾದಗಿರಿ

ಉತ್ತರ: ಕಲಿಸುವವರನ್ನು ಕೇಳುವ ತನಕ ಏನನ್ನೂ ಬದಲಿಸಬೇಡಿ. ಹಿಂದುಸ್ತಾನಿಯಲ್ಲಿ ಕೆಲವರು ಪ-ಸ-ಪ-ಸ ಕೂಡಿಸುತ್ತಾರೆ, ಕೆಲವರು ನಿಮ್ಮ ಸ-ಪ-ಸ-ಪ ಕ್ರಮವನ್ನೇ ಇಟ್ಟುಕೊಳ್ಳುತ್ತಾರೆ. ಬದಲಿಸುವುದಾದರೆ ಒಂದೊಂದೇ ತಂತಿ. ನಾಲ್ಕನ್ನೂ ಒಮ್ಮೆಲೇ ಬಿಚ್ಚಿದರೆ ಒಳಗಿನ ಸೌಂಡ್ ಪೋಸ್ಟ್ (ಹಲಗೆಗಳ ನಡುವೆ ನಿಲ್ಲಿಸಿದ ಕಡ್ಡಿ) ಬೀಳಬಹುದು. ಬೇಸಿಗೆಯಲ್ಲಿ ರೋಸಿನ್ ಕರಗಿ ಅಂಟಾಗುವುದರಿಂದ ಸ್ಕೂಟರ್ ಡಿಕ್ಕಿಯಲ್ಲಿ ಇಡಬೇಡಿ. ನಿಜವಾದ ಬದಲಾವಣೆ ಕಮಾನಿನದು: ವಿಲಂಬಿತದಲ್ಲಿ (ನಿಧಾನ ಲಯದಲ್ಲಿ) ಒಂದೇ ಸ್ವರವನ್ನು ಹತ್ತು ಸೆಕೆಂಡು ನಡುಗದಂತೆ ಎಳೆಯುವುದು. ಮೊದಲ ಮೂರು ತಿಂಗಳು ದಿನಾ ಇಪ್ಪತ್ತು ನಿಮಿಷ ಇದೊಂದನ್ನೇ ಮಾಡಿ. ಪದ್ಧತಿ ಬದಲಿಸುವುದಕ್ಕೆ ಹಿಂಜರಿಯಬೇಡಿ. ವಾಯಲಿನ್ ವಾದಕಿ ಎನ್. ರಾಜಂ ಅವರು ಕರ್ನಾಟಕ ಪದ್ಧತಿಯಲ್ಲೇ ಕಲಿತು, ಗಾಯಕ ಓಂಕಾರನಾಥ ಠಾಕೂರರ ಮಾರ್ಗದರ್ಶನದಲ್ಲಿ ವಾಯಲಿನ್‌ಗೆ ಗಾಯಕಿ ಅಂಗ (ಹಾಡಿದಂತೆ ನುಡಿಸುವ ಶೈಲಿ) ತಂದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಕಲಿಸಿದರು.

ಪ್ರಶ್ನೆ: ವಿಭಾಗದ ಹಳೆಯ ಸಿತಾರ್ ಒಂದರ ನಾದ ಸತ್ತಂತಾಗಿದೆ. ಜವಾರಿ ಹೋಗಿದೆ ಎನ್ನುತ್ತಾರೆ. ಸಿತಾರ್ ತಯಾರಿಕೆಗೆ ಹೆಸರಾದ ಮೀರಜ್‌ಗೇ ಒಯ್ಯಬೇಕೇ? — ಆಳಂದ

ಉತ್ತರ: ನಮ್ಮ ಕಡೆ ಜವಾರಿ ಎಂದರೆ ಜೋಳ, ಬದನೆಕಾಯಿ ನೆನಪಾಗುತ್ತವೆ, ಸಿತಾರ್‌ನಲ್ಲಿ ಅದು ಕುದುರೆಯ ಮೇಲ್ಮೈಯ ಇಳಿಜಾರು. ತಂತಿ ಅದರ ಮೇಲೆ ಸವರಿಕೊಂಡು ನಡುಗುವುದರಿಂದಲೇ ಆ ಝೇಂಕಾರ. ಆದರೆ ಮೊದಲು ತಂತಿ ಬದಲಿಸಿ ನೋಡಿ. ಬಾಜ್‌ಗೆ 0.30 ಮಿ.ಮೀ. ಉಕ್ಕಿನ ತಂತಿ ಸರಿಹೋಗುತ್ತದೆ. ತುಕ್ಕು ಹಿಡಿದ ತಂತಿಯ ತಪ್ಪನ್ನು ಜವಾರಿಯ ಮೇಲೆ ಹೊರಿಸುವುದು ಬಹಳ. ಆಮೇಲೆ ತಂತಿಗಳ ಕೆಳಗೆ ಒಣ ಮೆತ್ತನೆಯ ಬಟ್ಟೆ ತೂರಿಸಿ ಧೂಳು ಒರೆಸಿ. ಆಗಲೂ ಸರಿಹೋಗದಿದ್ದರೆ ಬಾಜ್ ಬಾರಿಸಿ ನಿಧಾನ ಮೀಂಡ್ ಎಳೆಯಿರಿ. ಎಳೆದ ಕ್ಷಣ ನಾದದ ಬಣ್ಣ ಬದಲಾದರೆ, ತಂತಿ ಕುದುರೆಯಲ್ಲಿ ಕೊರೆದ ಗೀರಿನಿಂದ ಹೊರಬಂತು ಎಂದರ್ಥ. ಟಾರ್ಚನ್ನು ಓರೆ ಹಿಡಿದರೆ ಆ ಗೀರು ಕಣ್ಣಿಗೇ ಕಾಣುತ್ತದೆ.

ಗೀರಿದ್ದರೆ ಕೈ ಪಳಗಿದವರೇ ಅರ ಹಾಕಬೇಕು. ನಾಲ್ಕು ಸಲ ಹೆಚ್ಚು ಉಜ್ಜಿದರೂ ಕುದುರೆ ತಗ್ಗಿ, ತಂತಿ ಕೆಳಗಿನ ಸ್ವರದ ಮೆಟ್ಟಿಲುಗಳಿಗೆ ತಾಗಿ ಗರಗರ ಎನ್ನುತ್ತದೆ. ಮೀರಜ್‌ನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಕಲಬುರಗಿಯಿಂದ ಸೊಲ್ಲಾಪುರದ ಮೇಲೆ ಹೋಗಬಹುದು. ಕುದುರೆಯೊಂದನ್ನೇ ಕಳಿಸಬೇಡಿ: ಪ್ರತಿ ಸಲ ಉಜ್ಜಿದ ಮೇಲೂ ಬಾರಿಸಿ ಕೇಳಬೇಕಾಗುವುದರಿಂದ ಇಡೀ ವಾದ್ಯವೇ ಅವರ ಮುಂದಿರಬೇಕು. ತಂತಿ ಇಳಿಸುವ ಮೊದಲು ಕುದುರೆಯ ಕಾಲುಗಳ ಸುತ್ತ ಪೆನ್ಸಿಲ್‌ನಿಂದ ತೆಳುವಾಗಿ ಗೆರೆ ಎಳೆದಿಡಿ.